ಹಿಡಿಗಾಳಿನ ಮಂಟಪ

ಹುಲ್ಲೇಕಲ್ಲಿನ ಕೆರೆ ಏರಿಯ ಮೇಲೆ ಹದಿನಾರು ಕಂಬಗಳ ಮಂಟಪವೊಂದಿದೆ. ಒಳಗೆ ದೇವರಿಲ್ಲ, ಮುಂದೆ ಗರುಡಗಂಬವಿಲ್ಲ, ಹೆಸರು ಮಾತ್ರ ಹಿಡಿಗಾಳಿನ ಮಂಟಪ. ಬರಗಾಲದಲ್ಲಿ ಇಲ್ಲಿ ಬಡವರಿಗೆ ಕಾಳು ಹಂಚುತ್ತಿದ್ದರೆಂದು ಬಂದವರೆಲ್ಲ ತಾವೇ ಕಥೆ ಕಟ್ಟಿಕೊಂಡು ಹೋಗುತ್ತಾರೆ. ಅಯ್ಯೋ, ಇಲ್ಲಿ ಯಾರೂ ಯಾರಿಗೂ ಒಂದು ಕಾಳನ್ನೂ ಕೊಟ್ಟಿಲ್ಲ! ಇಲ್ಲಿ ನಡೆದದ್ದು ಹಾಡು. ಹಿಂದೆ ಒಮ್ಮೆ, ಹಿರಿಯ ನಾಯಕನ ಕಾಲದಲ್ಲಿ, ಕಾರ್ತಿಕದಿಂದ ಶಿವರಾತ್ರಿಯವರೆಗೆ ಈ ಏರಿಯ ಮೇಲೆ ಊರಿಗೆ ಊರೇ ನಿದ್ದೆಗೆಡುತ್ತಿತ್ತಂತೆ. ಸಾಲುದೀಪ, ಸೇವಂತಿಗೆ ಮಾರುವವರ ಕೂಗು, ಕಾಸಿದ ಹಾಲಿನ ಘಮ, ನಡುವೆ ಚಿನ್ನಾಸಾನಿಯ ಕಂಠ. ಕೋಳಿ ಕೂಗಿದ ಮೇಲೆಯೇ ಜನ ಮನೆಯ ದಾರಿ ಹಿಡಿಯುತ್ತಿದ್ದರು ಎನ್ನುತ್ತಾರೆ. ಹಾಗೆ ಊರು ಮೈಮರೆತಿದ್ದ ಒಂದು ರಾತ್ರಿ ಹಗೆಯ ಪಡೆ ಕೋಟೆ ಹೊಕ್ಕಿತು. ಅಂದಿನಿಂದ ನಾಯಕ ಹಾಡನ್ನೇ ನಿಲ್ಲಿಸಿಬಿಟ್ಟ. ಹಾಡಿದವರಿಗೆ ಗಡೀಪಾರು.

ದೇಮಕ್ಕ ಹುಟ್ಟಿದ್ದು ಇದಾಗಿ ಎಷ್ಟೋ ವರ್ಷಕ್ಕೆ. ಆ ದೀಪಗಳನ್ನು ಕಂಡವಳೇ ಅಲ್ಲ, ಆದರೂ ಕೈಯಾರೆ ಕಳೆದುಕೊಂಡವಳಂತೆ ಅವಕ್ಕಾಗಿ ಹಲುಬುತ್ತಿದ್ದಳು. ಅವಳಜ್ಜಿಯೇ ಚಿನ್ನಾಸಾನಿ. ಮುದುಕಿ ರಾಗಿ ಬೀಸುವಾಗ ಕಲ್ಲಿನ ಗರಗರ ಸದ್ದಿನ ಮರೆಯಲ್ಲಿ ಒಂದು ಹಾಡು ಹೇಳಿಕೊಳ್ಳುತ್ತಿದ್ದಳು. ಮೊಮ್ಮಗಳು ಎದುರಿಗೆ ಗೂಟ ಹಿಡಿದು ಕೂತು ಅದನ್ನೇ ಕಲಿತಳು. ಅಜ್ಜಿ ಸತ್ತ ಮೇಲೆ ಆ ಕಾಲದ್ದೆಂದು ಅವಳಿಗೆ ಉಳಿದದ್ದು ಆ ಹಾಡು, ಈ ಮಂಟಪ, ಎರಡೇ. ಹೀಗಿರುವಾಗ ಕಿರಿಯ ನಾಯಕ ಕೋಟೆಬಾಗಿಲಿಗೆ ಕಲ್ಲು ಬೇಕೆಂದು ಮಂಟಪ ಕೆಡವಲು ಕಲ್ಲುಕುಟಿಗರನ್ನು ಕಳಿಸಿದ. ಇದು ನಮ್ಮಜ್ಜಿ ಹಾಡಿದ ಜಾಗ, ಆ ಹಾಡು ನನಗಿನ್ನೂ ಬರುತ್ತದೆ ಎಂದು ಕೂಗುತ್ತ ದೇಮಕ್ಕ ಹಾರೆಗಳ ಮುಂದೆ ಅಡ್ಡ ಬಿದ್ದಳು. ಗದ್ದಲ ಕೇಳಿ ಊರು ನೆರೆಯಿತು, ನಾಯಕನೇ ಬಂದ.

“ಆ ಕಾಲದ ಹಾಡು ನಿನಗೆ ಬರುತ್ತದೆಯೋ? ಹಾಗಾದರೆ ಹಾಡು. ಆಗ ಕೇಳಿದವರೊಬ್ಬರು ಹೌದೆಂದರೆ ಮಂಟಪ ಉಳಿಯಿತು. ಅಲ್ಲವೆಂದರೆ ಮೊದಲ ಕಲ್ಲಿಗೆ ನೀನೇ ಹಾರೆ ಹಾಕಬೇಕು” ಎಂದ.

ಕೇಳಿದವರಲ್ಲಿ ಬದುಕಿದ್ದವನು ಮದ್ದಳೆಯ ಕರಿಬಸಜ್ಜನೊಬ್ಬನೇ, ಚಿನ್ನಾಸಾನಿಗೆ ಜೊತೆ ಬಾರಿಸಿದವನು. ಅವನನ್ನು ಹೊತ್ತು ತಂದು ಕೂರಿಸಿದರು. ರಾತ್ರಿಯ ಹಾಡನ್ನು ದೇಮಕ್ಕ ಮಟಮಟ ಮಧ್ಯಾಹ್ನ ಎತ್ತಿಕೊಂಡಳು. ಒಂದು ಸಾಲು ಮುಗಿದೊಡನೆ ಹಾಡು ನಿಲ್ಲಿಸಿದಳು, ಬಲಗೈ ತಾನಾಗಿ ಮುಂದೆ ಬಾಗಿ ತೆರೆದುಕೊಂಡಿತು, ಆಮೇಲೆ ಮುಂದಿನ ಸಾಲು. ಅದಕ್ಕೂ ಹಾಗೆಯೇ. ಕಲ್ಲುಕುಟಿಗರು ಮುಸಿಮುಸಿ ನಕ್ಕರು. ಏಕೆ ನಗುತ್ತಾರೆಂದೇ ಅವಳಿಗೆ ತಿಳಿಯದು, ಪಾಪ. ಅವಳು ಬಲ್ಲ ಹಾಡು ಇದ್ದದ್ದೇ ಹಾಗೆ. ಹಾಡು ಮುಗಿಸಿ ಅಜ್ಜನ ಮುಖವನ್ನೇ ನೋಡುತ್ತ ನಿಂತಳು.

“ಅಲ್ಲ, ದೊರೆ” ಎಂದ ಕರಿಬಸಜ್ಜ. “ಸಾನಿ ಹಿಂಗೆ ನಡುನಡುವೆ ನಿಲ್ಲಿಸಿದೋಳೇ ಅಲ್ಲ. ಇದು ಬೀಸೋ ಕಲ್ಲಿಗೆ ಹಿಡಿಗಾಳು ಹಾಕೋ ಹೊತ್ತು. ನಿಮ್ಮಪ್ಪನ ಭಯಕ್ಕೆ ಹಾಡನ್ನ ಅಲ್ಲಿ ಬಚ್ಚಿಟ್ಟಿದ್ದಾಳೆ ನನ್ನವ್ವ. ಸುಳ್ಳು ಹೇಳಲಾರೆ ಮಗಳೇ, ಈ ಮಂಟಪದಾಗೆ ಕೇಳಿದ್ದು ಇದಲ್ಲ.” ಮುದುಕ ಬಿಕ್ಕಿ ಬಿಕ್ಕಿ ಅತ್ತ.

ದೇಮಕ್ಕ ಹಾರೆ ಎತ್ತಿಕೊಂಡು ಅಂಚಿನ ಕಲ್ಲಿಗೆ ಮೀಟಿದಳು. ಅದು ಏರಿಯಿಂದ ಉರುಳಿ ನೀರಂಚಿಗೆ ಬಿತ್ತು. ಆಗ ಹೆಂಗಸರ ಗುಂಪಿನಿಂದ ಹಾಡಿನ ಮೊದಲ ಸಾಲು ಕೇಳಿಬಂತು. ಮೊದಲು ಒಬ್ಬಳು, ಆಮೇಲೆ ನಾಲ್ವರು, ಆಮೇಲೆ ಕೇರಿಗೆ ಕೇರಿಯೇ. ಗೋಡೆಯಾಚೆ ಬೀಸುತ್ತ ಕೂತು ಆ ಹಾಡು ಕೇಳಿದ್ದವರು ಅವರು, ತಾನೊಬ್ಬಳೇ ಬಲ್ಲೆನೆಂದು ಪ್ರತಿಯೊಬ್ಬಳೂ ಇಷ್ಟು ವರ್ಷ ಬಾಯಿ ಬಿಗಿದಿದ್ದವರು. ಸಾಲು ಮುಗಿಯಿತು. ಎಲ್ಲರೂ ಒಟ್ಟಿಗೆ ಹಾಡು ನಿಲ್ಲಿಸಿದರು, ಎಲ್ಲರ ಬಲಗೈಯೂ ಬಾಗಿತು. ಈ ಸಲ ಯಾರೂ ನಗಲಿಲ್ಲ. ಇಷ್ಟು ಜನರನ್ನು ಎಲ್ಲಿಗೆಂದು ಗಡೀಪಾರು ಮಾಡುವುದು? ನಾಯಕ ಉಸಿರು ಬಿಗಿಹಿಡಿದು ಮುಂದಿನ ಸಾಲಿಗೆ ಕಾದ. ಅದು ಬಂದಾಗ, ಹಾರೆ ಕೆಳಗಿಡಿರೆಂದು ಕೈಸನ್ನೆ ಮಾಡಿದನಂತೆ.

ಉರುಳಿದ ಕಲ್ಲು ಇಂದಿಗೂ ಬಿದ್ದಲ್ಲಿಯೇ ಇದೆ. ಮೇಲೆತ್ತಿ ಕೂರಿಸಬಾರದೆಂಬುದು ಊರಿನ ಕಟ್ಟಳೆ. ಸಂಜೆಯಾದರೆ ಹೆಂಗಸರು ಮಂಟಪದಲ್ಲಿ ಕೂತು ಆ ಹಾಡು ಹಾಡುತ್ತಾರೆ. ಸಾಲು ನಿಂತೊಡನೆ, ಮುಗಿಯಿತೆಂದುಕೊಂಡು ಹೊಸಬರು ಚಪ್ಪಾಳೆ ತಟ್ಟಹೋಗುತ್ತಾರೆ. ಪಕ್ಕದಲ್ಲಿರುವ ಮುದುಕಿ ಯಾರಾದರೂ ಅವರ ಕೈ ಹಿಡಿದುಕೊಳ್ಳುತ್ತಾಳೆ: “ತಡಿಯಪ್ಪಾ, ಕಾಳು ಹಾಕ್ತಿದಾರೆ.”