ಇಳಿಜಾರಿನ ಸೇಬು ಸಸಿಗಳು

ಗುರುಮಲ್ಲನೆಂಬ ಶಿಷ್ಯ ತನ್ನ ಗುರುಗಳನ್ನು ಕೇಳಿದ: “ಬುದ್ಧೀ, ಮೊದಲು ‘ಹಗಲೂ ರಾತ್ರಿ ಓದು’ ಅಂದಿರಿ. ಈಗ ‘ಪುಸ್ತಕ ಮುಚ್ಚಿಡು’ ಅಂತೀರಿ. ಎರಡರಲ್ಲಿ ಯಾವುದನ್ನು ಹಿಡಿಯಲಿ? ನನಗೆ ತಲೆಬುಡ ತಿಳಿಯುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಬಿಸಿಲು ನಾಡಿನವನು. ಬೆಳೆಸುವುದರಲ್ಲಿ ತನಗೆ ಸರಿಸಾಟಿ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಅಷ್ಟೇನೂ ಸುಳ್ಳಿರಲಿಲ್ಲ. ಹಿಮ ಬೀಳುವ ಬೆಟ್ಟದ ನಾಡಿನ ಹೆಣ್ಣನ್ನು ಮದುವೆಯಾಗಿ ಮಾವನ ಮನೆಯಲ್ಲೇ ನೆಲೆಸಿದ. ಅಲ್ಲಿ ಅವನದೆಂಬುದು ಏನೂ ಇರಲಿಲ್ಲ. ಉಣ್ಣುವ ತಟ್ಟೆಯೂ ಮಾವನದೇ.

ಮಾವನ ಸೇಬಿನ ತೋಟದ ಪಕ್ಕದಲ್ಲಿ ಒಂದು ಖಾಲಿ ಇಳಿಜಾರಿತ್ತು. ಅಳಿಯ ಅದನ್ನು ಕೇಳಿದ.

“ಸಸಿ ನೆಡು. ಒಂದು ಚಳಿಗಾಲ ದಾಟಿಸಿದರೆ ಜಾಗ ನಿನ್ನದು. ಸಸಿ ಸತ್ತರೆ ನನ್ನ ಕುರಿ ಕಾಯಬೇಕು” ಎಂದ ಮಾವ.

“ನಮ್ಮೂರಲ್ಲಿ ನಾನು ಊರಿದ ಗೂಟವೂ ಚಿಗುರುತ್ತೆ, ಮಾವ. ಕುರಿಗೆ ಬೇರೆ ಆಳು ನೋಡಿಕೊಳ್ಳಿ.”

“ಗೂಟದ ಸಂಗತಿ ನನಗೆ ಗೊತ್ತಿಲ್ಲ, ಅಳಿಯಂದಿರೇ. ತಾವು ಸೇಬು ನೆಡಿ.”

ಹಿಮ ಕರಗಿತು. ಅಳಿಯ ಸಸಿ ನೆಟ್ಟ. ಬೇಸಿಗೆ ಬಂದಾಗ ಮಾವ ಬಂದು ನೋಡಿ, “ಬುಡ ತುಂಬ ನೀರು ಕೊಡು” ಎಂದ. ಅಳಿಯ ಹಳ್ಳದಿಂದ ನೀರು ಹೊತ್ತು ಸುರಿದ. ಸಸಿಗಳು ಒಂದೇ ಸಮನೆ ಎದ್ದವು. ಊರವರು ದಾರಿಯಲ್ಲಿ ನಿಂತು ನೋಡಿದರು.

ಬೇಸಿಗೆ ಇಳಿಮುಖವಾಯಿತು. ಮಾವ ಮತ್ತೆ ಬಂದ. ಒಂದು ಚಿಗುರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, “ನೀರು ಕಡಿಮೆ ಮಾಡು. ಗೊಬ್ಬರ ಮುಟ್ಟಲೇಬೇಡ” ಎಂದ.

ಅಳಿಯ ತಬ್ಬಿಬ್ಬಾದ. ಬೆಳೆಯುವ ಗಿಡದ ಬಾಯಿಗೆ ಯಾರಾದರೂ ಕೈ ಅಡ್ಡ ಇಡುತ್ತಾರೆಯೇ? ಇಳಿಜಾರು ಬಿಟ್ಟುಕೊಡಲು ಮುದುಕನಿಗೆ ಮನಸ್ಸಿಲ್ಲ ಎಂದುಕೊಂಡ. ಮಾವ ಸಂತೆಗೆ ಹೋದಾಗಲೆಲ್ಲ ನೀರು ಹೊತ್ತ, ಕುರಿಗೊಬ್ಬರ ಹಾಕಿದ. ಮಾವನ ತೋಟದಲ್ಲಿ ಕಡ್ಡಿಗಳು ಬಲಿತು ಕಂದುಬಣ್ಣಕ್ಕೆ ತಿರುಗುತ್ತಿದ್ದವು. ಇವನ ಸಸಿಗಳಲ್ಲಿ ಇನ್ನೂ ಎಳೆ ಚಿಗುರು ಹೊರಡುತ್ತಿತ್ತು.

ಎಲೆ ಉದುರಿತು. ಬೋಳು ಗಿಡಕ್ಕೆ ನೀರೇಕೆಂದು ಅಳಿಯ ಕೊಡವನ್ನು ಬೋರಲು ಹಾಕಿದ. ಆಗ ಮಾವ ಬಂದು ಗಿಡ ನೋಡಿ, ಬುಡದ ಮಣ್ಣನ್ನು ಹಿಡಿಯಲ್ಲಿ ಹಿಚುಕಿದ. ಅದು ಪುಡಿಪುಡಿಯಾಗಿ ಉದುರಿತು. “ನೆಲ ಹೆಪ್ಪುಗಟ್ಟುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಸು” ಎಂದ.

ಅಳಿಯನಿಗೆ ಈಗ ದಿಕ್ಕೇ ತೋಚಲಿಲ್ಲ. ಕೊಡು ಎಂದವನು ಬೇಡ ಎಂದ. ಬೇಡ ಎಂದವನೇ ಕೊಡು ಎನ್ನುತ್ತಿದ್ದಾನೆ. ವಯಸ್ಸಾಯಿತು, ಅರಳುಮರಳು ಎಂದು ಹೆಂಡತಿಯ ಹತ್ತಿರ ಹೇಳಿದ.

“ಅರಳುಮರಳು ನಮ್ಮಪ್ಪನಿಗಂತೂ ಅಲ್ಲ” ಎಂದಳು ಅವಳು.

ಅವನು ಕೊಡ ಮುಟ್ಟಲಿಲ್ಲ.

ಹಿಮ ಬಿತ್ತು, ಕರಗಿತು. ಮಾವನ ತೋಟದಲ್ಲಿ ಮೊಗ್ಗು ಬಂತು. ಇಳಿಜಾರಿನ ಸಸಿಗಳ ಎಳೆ ತುದಿಗಳು ಸುಟ್ಟಂತೆ ಕಪ್ಪಾಗಿದ್ದವು. ಬೇರು ಒಣಗಿ ನಾರಾಗಿತ್ತು. ಒಂದೂ ಉಳಿಯಲಿಲ್ಲ. ಅಳಿಯ ಒಂದು ಸಸಿ ಕಿತ್ತು ತಂದು ಮಾವನ ಮುಂದೆ ಹಾಕಿದ.

“ಮೂರು ಸಲ ಮೂರು ಮಾತಾಡಿದಿರಿ. ನಿಜವಾದದ್ದು ಯಾವುದು, ಅದನ್ನಾದರೂ ಹೇಳಿ.”

ಮಾವ ಕುರಿ ಕಾಯುವ ಕೋಲನ್ನು ಅವನ ಕೈಗಿಟ್ಟು ತೋಟದೊಳಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಇನ್ನೂ ಏನೋ ಇದೆಯೆಂದು ಗುರುಮಲ್ಲ ಕಾದ.

“ಹಾಗಾದರೆ ಆ ಮೂರರಲ್ಲಿ ನಿಜ ಯಾವುದು, ಬುದ್ಧೀ?” ಎಂದ.

ಗುರುಗಳು ಹೇಳಿದರು: “ಮಾವ ಮೂರು ಸಲವೂ ಗಿಡ ನೋಡಿ ಮಾತಾಡಿದ, ಅಳಿಯ ಮೂರು ಸಲವೂ ಮಾವನ ಬಾಯಿ ನೋಡಿದ.”