ಸೂರಿನ ಕೆಳಗಿನ ಕಿಂಡಿ

ಇಪ್ಪತ್ತು ವರ್ಷ ಊರಮ್ಮನ ಗುಡಿಯ ಮುಂದೆ ಹರಕೆಯ ಕೋಳಿಗಳ ಕತ್ತು ಕೊಯ್ದ ಓಬಯ್ಯನಿಗೆ ಒಂದು ದಿನ ಊಟ ಸೇರದಾಯಿತು. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದು ಅಲ್ಲಿನ ಗುರು ನೀಲವ್ವನ ಪಾದದ ಬಳಿ ಇಟ್ಟ.

"ಇನ್ನು ಇದನ್ನು ಮುಟ್ಟಲ್ಲ ಅವ್ವಾ. ನನ್ನ ಕೈಯಿಂದ ಇನ್ನೊಂದು ಜೀವ ಹೋಗಬಾರದು."

ನೀಲವ್ವ ಕತ್ತಿಯನ್ನು ಗುಡಿಸಲಿನ ಸೂರಿಗೆ ಸಿಕ್ಕಿಸಿದಳು. ಮಂತ್ರವನ್ನೇನೂ ಕೊಡಲಿಲ್ಲ. ಹನ್ನೊಂದು ಕೋಳಿ ಕೊಟ್ಟಳು. ಆಳೊಬ್ಬ ಬಗ್ಗಿ ಒಳಹೋಗಬಹುದಾದ ಬಿದಿರುತಟ್ಟಿಯ ಗೂಡನ್ನು ತೋರಿಸಿದಳು.

ಓಬಯ್ಯ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಒಂದೊಂದಕ್ಕೂ ಹೆಸರಿಟ್ಟ. ಕೊಯ್ಯುವ ಕಾಲದಲ್ಲಿ ಯಾವ ಕೋಳಿಗೂ ಹೆಸರಿರಲಿಲ್ಲ.

ಕಾರ್ತಿಕ ಕಳೆದ ಮೇಲೆ ಜಿನುಗು ಮಳೆ ಹಿಡಿಯಿತು. ಅವ್ವ ಸಾವಿನ ಮನೆಗೆಂದು ಆಚೆ ದಡಕ್ಕೆ ಹೊರಟಳು.

"ಗೂಡಿನ ಸೂರಿನ ಕೆಳಗಿನ ಕಿಂಡಿ ಮಾತ್ರ ಮುಚ್ಚಬೇಡ" ಎಂದಳು.

ಸಂಜೆ ಓಬಯ್ಯ ಕಿಂಡಿಗೆ ಕೈಯೊಡ್ಡಿ ನೋಡಿದ. ಕೊರೆಯುವ ಗಾಳಿ. ಪಾಪದವು, ಹೇಗೆ ತಡೆದಾವು? ಗೋಣಿಚೀಲ ತುರುಕಿದ.

ಮರುದಿನ ಎರಡು ಕೋಳಿ ಸೀನಿದವು. ಥಂಡಿಯೇ ಇರಬೇಕೆಂದು ತಟ್ಟಿಯ ಸಂದುಸಂದಿಗೂ ಜೇಡಿಮಣ್ಣು ಮೆತ್ತಿದ. ಮೂರನೆಯ ದಿನ ಅವುಗಳ ಗಂಟಲಲ್ಲಿ ಗೊರಗೊರ ಶುರುವಾಯಿತು. ಓಬಯ್ಯ ಹೆದರಿ ಕಿಂಡಿಯ ಮೇಲೆ ಚಾಪೆ ಬಿಗಿದು ಹಗ್ಗ ಕಟ್ಟಿದ.

ಕರಿ ಹೇಂಟೆಯೊಂದು ಮಾತ್ರ ಒಳಗೆ ಬರಲೊಲ್ಲದೆ ಬೇವಿನ ಮರ ಹತ್ತಿತು. "ನೆನೆದು ಸಾಯಿ" ಎಂದು ಬೈದು ಬಿಟ್ಟುಬಿಟ್ಟ.

ಆರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹಿಕ್ಕೆಯ ಘಾಟು ಮುಖಕ್ಕೆ ಬಡಿದು ಕಣ್ಣುರಿಯಿತು. ಹತ್ತೂ ಸತ್ತು ಬಿದ್ದಿದ್ದವು.

ನೀಲವ್ವ ದೋಣಿ ಇಳಿದು ಬಂದಾಗ ಓಬಯ್ಯ ಅಲ್ಲೇ ನಿಂತಿದ್ದ.

"ಚಳಿ ಕೊಂದುಬಿಡ್ತು ಅವ್ವಾ."

ಅವ್ವ ಬೇವಿನ ಮರದತ್ತ ನೋಡಿದಳು. ಕರಿ ಹೇಂಟೆ ಮೈ ಕೊಡವಿ ನೀರು ಹಾರಿಸಿತು.

"ಅದಕ್ಕೆ ಚಳಿ ಆಗಲಿಲ್ಲವಾ?"

ಅವ್ವ ಅವನ ಅಂಗೈ ಹಿಡಿದು ಗೂಡಿನ ಒಳಗೋಡೆಗೆ ಒತ್ತಿದಳು. ಅಂಗೈಯಿಂದ ನೀರು ತೊಟ್ಟಿಕ್ಕಿತು.

"ಮಳೆ ಸೋರಿದೆಯಾ?"

"ಒಂದು ಹನಿ ಒಳಗೆ ಬಿಟ್ಟಿಲ್ಲ."

"ಮತ್ತೆ ಈ ನೀರು?"

"ಗೊತ್ತಿಲ್ಲವ್ವ."

"ಅವು ಬಿಟ್ಟ ಉಸಿರು. ಹೋಗೋಕೆ ದಾರಿ ಇರಲಿಲ್ಲ."

ಓಬಯ್ಯ ಕೆಸರಲ್ಲೇ ಕುಸಿದು ಕೂತ. "ನಾನು ಕತ್ತಿ ಮುಟ್ಟಲೇ ಇಲ್ಲವಲ್ಲ. ಪ್ರೀತಿಯಿಂದ ಮಾಡಿದೆ."

"ಪ್ರೀತಿಯಿಂದಲೇ ಮಾಡಿದೆ."

"ಹಾಗಾದರೆ ಕೊಂದಿದ್ದು ನಾನೇನಾ?"

"ನೀನೇ."

ಹತ್ತನ್ನೂ ಹೆಸರು ಹಿಡಿದು ಕರೆದು ಹೂಳುವಷ್ಟರಲ್ಲಿ ಸಂಜೆಯಾಯಿತು. ಹಿಂದೆಂದೂ ಇಷ್ಟು ಅತ್ತದ್ದು ಅವನಿಗೆ ನೆನಪಿರಲಿಲ್ಲ. ಆಮೇಲೆ ಗಂಟು ಕಟ್ಟಿದ.

"ಹೊರಟೆ ಅವ್ವಾ. ಈ ಕೈಗೆ ಕೊಲ್ಲೋದು ಬಿಟ್ಟು ಬೇರೇನೂ ಬರಲ್ಲ."

ಅವ್ವ ಗುಡಿಸಲಿನ ಸೂರಿನಿಂದ ಕತ್ತಿ ಎಳೆದು, ಹಿಡಿಯನ್ನು ಅವನ ಕಡೆ ಮಾಡಿ ಚಾಚಿದಳು.

"ಕಿಂಡಿ ತೆಗೆದು ಹೋಗು."

"ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ಟೆ? ನನಗೆ ತಾನೇ? ಹಿಡಿ."

ಓಬಯ್ಯ ಕತ್ತಿ ಹಿಡಿದ. ಹಗ್ಗ ಕೊಯ್ದ, ಚಾಪೆ ಸೀಳಿದ, ಗೋಣಿಚೀಲವನ್ನು ಅರ್ಧ ಎಳೆದ. ಗೇಣುದ್ದ ಜಾಗ ತೆರೆಯಿತು. ಗಾಳಿ ಮುಖಕ್ಕೆ ಹೊಡೆದಾಗ ಕೈ ತಾನಾಗಿ ನಿಂತಿತು.

"ಇಷ್ಟು ಸಾಕಾ ಅವ್ವಾ? ಇನ್ನೂ ತೆಗೆದರೆ ಚಳಿ ನುಗ್ಗುತ್ತೆ."

ನೀಲವ್ವ ಬಾ ಬಾ ಎಂದು ಕರೆದಳು. ಕರಿ ಹೇಂಟೆ ಮರದಿಂದ ಇಳಿದು ಬಂತು. ಅದನ್ನೆತ್ತಿ ಓಬಯ್ಯನ ಕೈಗಿಟ್ಟು, ಗೂಡಿನ ಬಾಗಿಲು ತೆರೆದು ಹಿಡಿದಳು.

"ಒಳಗೆ ಹೋಗಿ ಮಲಗು. ಸಾಕಾ ಇಲ್ಲವಾ, ಬೆಳಿಗ್ಗೆ ನೀನೇ ಹೇಳು."