ಹಿಟ್ಟಿನ ಗಿರಣಿ ಓಡಿದ ಓಟ

"ಅಜ್ಜಯ್ಯ, ಒಬ್ಬ ಮನುಷ್ಯ ತಾನು ಮುಂದೆ ಹೋಗುತ್ತಿದ್ದೇನೋ, ನಿಂತಲ್ಲೇ ನಿಂತಿದ್ದೇನೋ ಎಂದು ತಿಳಿದುಕೊಳ್ಳುವುದು ಹೇಗೆ?"

ಕೇಳಿದವನು ಹಾಲೇಶ. ಹೆದ್ದಾರಿಯ ಪಕ್ಕದ ಆ ಸಣ್ಣ ಮಠಕ್ಕೆ ಅವನು ಬಂದು ಒಂಬತ್ತು ವರ್ಷವಾಗಿತ್ತು. ಮಠದ ದಾಸೋಹಕ್ಕೆ ಲಾರಿ ಓಡಿಸುವವರು ದಿನವೂ ಬರುತ್ತಿದ್ದರು. ಉಣ್ಣಲು ಬಂದವರು ಬಾಗಿಲಲ್ಲಿಟ್ಟ ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಅದು ಮಠದ ಪದ್ಧತಿ. ಊಟವಾದ ಮೇಲೆ ಅವರು ಬೇವಿನ ಮರದ ಕೆಳಗೆ ಒಂದು ಗಳಿಗೆ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಹಾಲೇಶ ಅವರ ಕೈಗೆ ಸ್ಲೇಟು ಬಳಪ ಕೊಟ್ಟು ಅಕ್ಷರ ತಿದ್ದಿಸುತ್ತಿದ್ದ.

ಅಂದು ಅವನು ಬಂದದ್ದು ಬೇರೆ ಕೆಲಸಕ್ಕೆ. ಪುಸ್ತಕದ ಪಕ್ಕದಲ್ಲಿದ್ದ ಇಂಕ್ ಪ್ಯಾಡು ಒಣಗಿ ಬಿರುಕು ಬಿಟ್ಟಿತ್ತು. ಹೊಸದು ತರಿಸಲೋ, ಇದಕ್ಕೇ ಮಸಿ ಹಾಕಲೋ ಎಂದು ಕೇಳಲು ಬಂದವನು, ಪ್ಯಾಡನ್ನು ಕೈಯಲ್ಲಿ ಹಿಡಿದುಕೊಂಡೇ ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟ.

"ಕೊಟ್ರಯ್ಯ ನನಗಿಂತ ನಾಲ್ಕು ವರ್ಷ ತಡವಾಗಿ ಮಠಕ್ಕೆ ಬಂದವನು. ಅವನು ಪ್ರವಚನಕ್ಕೆ ಕೂತರೆ ಅಂಗಳ ಸಾಲುವುದಿಲ್ಲ. ಪದ ಎತ್ತಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ನನ್ನ ಕೆಲಸದಲ್ಲಿ ಸದ್ದೇ ಇಲ್ಲ. ಇಂದು ಅಕ್ಷರ ತಿದ್ದಿದವನು ಲಾರಿ ಹತ್ತಿ ಹೋದರೆ ಮತ್ತೆ ಬರುವುದು ಹದಿನೈದು ದಿನಕ್ಕೋ ತಿಂಗಳಿಗೋ. ಏನಾಯಿತು, ಏನಾಗಲಿಲ್ಲ, ಒಂದೂ ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ಊರಿಗೆ ಹೊರಟುಬಿಡೋಣ ಎಂದುಕೊಂಡಿದ್ದೇನೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮಾತ್ರ ಹೇಳಬೇಡಿ ಅಜ್ಜಯ್ಯ. ಅದನ್ನು ಕೇಳಿ ಕೇಳಿ ಸಾಕಾಗಿದೆ."

ಅಜ್ಜಯ್ಯ ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಡೀಸೆಲ್ ಪಂಪು ರಿಪೇರಿ ಮಾಡಿದವರು. ಕಾವಿ ಉಟ್ಟರೂ ಮುಂಗೋಪ ಹೋಗಿರಲಿಲ್ಲ.

"ಗಾದೆ ಹೇಳುವಷ್ಟು ತಾಳ್ಮೆ ನನಗೂ ಇಲ್ಲ. ಕೂತುಕೋ. ಒಂದು ಓಟದ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ," ಎಂದರು. ಹೇಳತೊಡಗಿದರು.

ಒಂದು ಊರಿನಲ್ಲಿ ವರ್ಷಕ್ಕೊಂದು ಸಲ ಕಾರುಗಳ ಓಟ ನಡೆಯುತ್ತಿತ್ತು. ಒಂದು ಫರ್ಲಾಂಗು ಓಡಿ ಏದುಸಿರು ಬಿಡುವ ಓಟವಲ್ಲ. ಸೂರ್ಯ ಹುಟ್ಟಿದಾಗ ಹೊರಟರೆ ನೆತ್ತಿಗೆ ಬರುವವರೆಗೆ, ಪೂರಾ ಆರು ಗಂಟೆ, ಹಾಕಿದ ಹಾದಿಯಲ್ಲೇ ಸುತ್ತುತ್ತಿರಬೇಕು. ಯಾರದು ಹೆಚ್ಚು ಸುತ್ತಾಯಿತೋ ಅವನು ಗೆದ್ದ. ಎಣ್ಣೆ ಮುಗಿದರೆ ಹಾದಿಯ ಪಕ್ಕದ ತಮ್ಮ ತಮ್ಮ ಶೆಡ್ಡಿಗೆ ಬಂದು ತುಂಬಿಸಿಕೊಳ್ಳಬೇಕು. ಒಂದು ಸಲ ನಿಂತರೆ ಒಂದು ಸುತ್ತು ಹೋಯಿತೆಂದೇ ಲೆಕ್ಕ.

ಅಲ್ಲಿ ಓಡುತ್ತಿದ್ದವೆಲ್ಲ ಪೆಟ್ರೋಲ್ ಕಾರುಗಳು. ಅವುಗಳ ಕಿರುಚಾಟ ಮೂರು ಊರಿಗೆ ಕೇಳುತ್ತಿತ್ತು. ಕಿವಿ ತೂತಾಗದಿದ್ದರೆ ಅದು ಓಟವೇ ಅಲ್ಲ ಎಂದು ಅಲ್ಲಿನ ಜನ ನಂಬಿದ್ದರು.

ಅದೇ ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವುದು ಅವನ ಕಸುಬು. ಅವನು ನಾಲ್ಕು ವರ್ಷ ಹಟ ಹಿಡಿದು ಕೂತು, ಡೀಸೆಲ್ ಎಂಜಿನ್ ಇಟ್ಟು ಒಂದು ಓಟದ ಕಾರು ಕಟ್ಟಿದ. ಓಟ ನಡೆಸುವ ಸಂಘದ ಯಜಮಾನ ಮೊದಲು ನಕ್ಕ. ಆಮೇಲೆ ಬಾಗಿಲು ತೆಗೆದಾಗಲೆಲ್ಲ ಈ ಮೇಸ್ತ್ರಿಯ ಮುಖ ಕಂಡು ಕಂಡು ಬೇಸತ್ತು ಒಪ್ಪಿದ. "ಇದೊಂದೇ ಸಲ. ಗೆದ್ದರೆ ಸರಿ. ಗೆಲ್ಲದಿದ್ದರೆ ಈ ಗೇಟಿನೊಳಗೆ ಇನ್ನೆಂದೂ ಡೀಸೆಲ್ ವಾಸನೆ ಬರಕೂಡದು," ಎಂದ. ಮೇಸ್ತ್ರಿ ಒಪ್ಪಿಕೊಂಡ. ಬೇರೆ ದಾರಿ ಎಲ್ಲಿತ್ತು ಅವನಿಗೆ?

ಓಡಿಸಲು ಒಬ್ಬ ಚಾಲಕ ಸಿಕ್ಕ. ಹನ್ನೊಂದು ವರ್ಷ ಪೆಟ್ರೋಲ್ ಕಾರು ಓಡಿಸಿದವನು. ವಯಸ್ಸಾಯಿತೆಂದು ಅವನ ತಂಡದವರು ಕೈಬಿಟ್ಟಿದ್ದರು. ಗಟ್ಟಿಗನೇನೋ ಹೌದು, ಆದರೆ ಒಂದು ರೂಢಿ ಅವನನ್ನು ಅಂಟಿಕೊಂಡಿತ್ತು. ಅವನು ಕಾರನ್ನು ಕಿವಿಯಿಂದ ಓಡಿಸುತ್ತಿದ್ದ. ಎಂಜಿನ್ ಕಿರುಚುವವರೆಗೆ ಕಾಯುವುದು, ಕಿರುಚಿದ ಮೇಲೆ ಗೇರು ಬದಲಿಸುವುದು. ಪೆಟ್ರೋಲ್ ಕಾರಿಗೆ ಅದು ಸರಿ, ಅದರ ಬಲ ಇರುವುದೇ ಅಲ್ಲಿ. ಡೀಸೆಲ್ ಹಾಗಲ್ಲ. ಅದರ ಬಲವೆಲ್ಲ ಕೆಳಗೆ, ಗುರುಗುಡುವಲ್ಲಿ. ಅದು ಕಿರುಚಿತು ಎಂದರೆ ಬಲ ಮುಗಿದು ಬರೀ ಎಣ್ಣೆ ಕುಡಿಯುತ್ತಿದೆ ಎಂದರ್ಥ. ಏರು ಹತ್ತುವ ಎತ್ತು ಕೂಗಿದ್ದನ್ನು ಎಂದಾದರೂ ಕೇಳಿದ್ದೀಯಾ? ಮೇಸ್ತ್ರಿ ಇದನ್ನು ನೂರು ಸಲ ಹೇಳಿದ, ಚಾಲಕ ನೂರು ಸಲ ಹೂಂಗುಟ್ಟಿದ. ಹೂಂಗುಟ್ಟುವುದಕ್ಕೇನು, ನೀನೂ ಒಂಬತ್ತು ವರ್ಷದಿಂದ ನನ್ನ ಮುಂದೆ ಹೂಂಗುಟ್ಟುತ್ತಲೇ ಇದ್ದೀಯ.

ಓಟದ ದಿನ ಬಂತು. ಮೇಸ್ತ್ರಿಯ ಕಾರು ಸಾಲಿಗೆ ಬಂದು ನಿಂತಾಗ ಅದರ ಗಡಗಡ ಸದ್ದು ಕೇಳಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಟ್ಟಿನ ಗಿರಣಿ ಬಂತು ಎಂದರು. ಒಬ್ಬ ಪುಣ್ಯಾತ್ಮ ಒಂದು ಚೀಲ ಜೋಳ ಹೊತ್ತು ತಂದು ಮೇಸ್ತ್ರಿಯ ಶೆಡ್ಡಿನ ಮುಂದೆ ಇಳಿಸಿ, "ಸಣ್ಣಗೆ ಬೀಸಿಕೊಡಪ್ಪ," ಎಂದ. ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ಆದರೂ ಚೀಲವನ್ನು ಒಳಗೆ ಎತ್ತಿಟ್ಟುಕೊಂಡ. ಮನೆ ಬಾಗಿಲಿಗೆ ಬಂದ ಜೋಳವನ್ನು ಯಾರು ಬಿಡುತ್ತಾರೆ?

ಚಾಲಕನಿಗೆ ಆ ನಗು ಕಿವಿಯಲ್ಲೇ ಉಳಿಯಿತು. ಹೊರಟವನೇ ಡೀಸೆಲನ್ನು ಕಿರುಚಿಸತೊಡಗಿದ.

ಆ ಓಟದಲ್ಲಿ ಒಂದು ಕ್ರಮ ಇತ್ತು. ಕಾರು ಪ್ರತಿ ಸುತ್ತು ಮುಗಿಸಿ ಬರುವಾಗ ಅದರ ಶೆಡ್ಡಿನವರು ಹಾದಿಯ ಅಂಚಿನಲ್ಲಿ ನಿಂತು, ಹಿಂದಿನ ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಮೇಸ್ತ್ರಿ ತೋರಿಸಿದ, ಎರಡು ನಿಮಿಷ ಆರು ಸೆಕೆಂಡು. ಮುಂದಿನ ಸುತ್ತಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ಹಿಂದಿನ ಮೂರು ವರ್ಷ ಗೆದ್ದಿದ್ದ ಕೆಂಪು ಪೆಟ್ರೋಲ್ ಕಾರು ಸರಿಯಾಗಿ ಎರಡು ನಿಮಿಷಕ್ಕೆ ಸುತ್ತುತ್ತಿತ್ತು. ಚಾಲಕ ಹಲಗೆ ನೋಡಿದ, ನಂಬಲಿಲ್ಲ. ಇಷ್ಟು ಸದ್ದು ಮಾಡುತ್ತಿರುವವನು ಹಿಂದೆ ಬೀಳುವುದುಂಟೇ, ಮೇಸ್ತ್ರಿಯ ಗಡಿಯಾರವೇ ಕೆಟ್ಟಿರಬೇಕು ಎಂದುಕೊಂಡ.

ಒಂದು ಗಂಟೆಗೇ ಡೀಸೆಲ್ ಮುಗಿಯಿತು. ಒಂದು ಗಂಟೆ ಇಪ್ಪತ್ತು ನಿಮಿಷ ಬರಬೇಕಾಗಿದ್ದ ಎಣ್ಣೆ ಅದು. ಕಾರು ಶೆಡ್ಡಿಗೆ ಬಂತು. ಚಾಲಕ ಶಿರಸ್ತ್ರಾಣ ತೆಗೆದು ನೀರು ಕುಡಿದ. ಮೇಸ್ತ್ರಿ ಕಿಟಕಿಯೊಳಗೆ ತಲೆ ಹಾಕಿದ.

"ಯಾಕಪ್ಪ ಅದನ್ನು ಹಾಗೆ ಕಿರುಚಿಸುತ್ತೀಯ?"

"ಕಿರುಚದಿದ್ದರೆ ಓಡುತ್ತಲೇ ಇಲ್ಲ ಅನ್ನಿಸುತ್ತದೆ, ಮೇಸ್ತ್ರಿ."

ಮೇಸ್ತ್ರಿ ಕೈ ಒರೆಸಿಕೊಳ್ಳಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹತ್ತಿಯ ಉಂಡೆಯಿಂದ ಎರಡು ಚೂರು ಕಿತ್ತು ಚಾಲಕನ ಎರಡು ಕಿವಿಗೂ ತುರುಕಿದ. ಡೀಸೆಲ್ ವಾಸನೆಯ ಹತ್ತಿ. ಆಮೇಲೆ ಹಲಗೆಯನ್ನು ಅವನ ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಎರಡು ಸಲ ಕುಟ್ಟಿದ. ಇದನ್ನು ನೋಡು ಎಂದು. ಕಾರು ಹೊರಟಿತು.

ಈಗ ಚಾಲಕನಿಗೆ ಎಂಜಿನ್ ಕೇಳಿಸುತ್ತಿಲ್ಲ, ಜನರ ನಗೆಯೂ ಕೇಳಿಸುತ್ತಿಲ್ಲ. ಉಳಿದದ್ದು ಹಲಗೆ ಒಂದೇ. ಮನಸ್ಸಿಲ್ಲದ ಮನಸ್ಸಿನಿಂದ ಬೇಗ ಬೇಗ ಗೇರು ಬದಲಿಸಿದ. ತೂಕಡಿಸುತ್ತಾ ಹೋಗುತ್ತಿದ್ದೇನೆ ಎನ್ನಿಸಿತು ಅವನಿಗೆ. ಸುತ್ತು ಮುಗಿಸಿ ಬಂದು ನೋಡಿದರೆ ಹಲಗೆಯ ಮೇಲೆ ಎರಡು ನಿಮಿಷ ಒಂದು ಸೆಕೆಂಡು. ಮುಂದಿನ ಸುತ್ತಿಗೂ ಅದೇ. ಮೂರನೆಯ ಸುತ್ತಿಗೆ ಅವನು ನಂಬಿದ. ನಂಬಿದವನ ಕೈ ಹಗುರವಾಯಿತು.

ಕೆಂಪು ಕಾರು ಮುಕ್ಕಾಲು ಗಂಟೆಗೊಮ್ಮೆ ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ಡೀಸೆಲ್ ಓಡುತ್ತಿತ್ತು. ಡೀಸೆಲ್ ಮುಂದೆ ಹೋಗುತ್ತಿರುವುದು ಯಾರ ಕಿವಿಗೂ ಬೀಳಲಿಲ್ಲ. ಹತ್ತನೆಯದಾಗಿದ್ದದ್ದು ಏಳನೆಯದಾಯಿತು, ನಾಲ್ಕನೆಯದಾಯಿತು. ನಾಲ್ಕು ಗಂಟೆ ಕಳೆದ ಮೇಲೆ ಯಾರೋ ಒಬ್ಬ ಎಣಿಸಿ ನೋಡಿ, "ಏ, ಗಿರಣಿ ಎರಡನೆಯದಾಗಿದೆಯಲ್ಲೋ," ಎಂದ. ಪಕ್ಕದವನು ಅವನಿಗೆ ಬೈದ. ಆಮೇಲೆ ಅವನೂ ಎಣಿಸಿದ.

ಕೊನೆಯ ಮುಕ್ಕಾಲು ಗಂಟೆ. ಕೆಂಪು ಕಾರು ಏಳನೆಯ ಸಲ ಎಣ್ಣೆ ತುಂಬಿಸಿಕೊಂಡು ಹಾದಿಗೆ ಬಂದಾಗ, ನಾಲ್ಕೇ ಸಲ ನಿಂತಿದ್ದ ಡೀಸೆಲ್ ಅದಕ್ಕಿಂತ ಇಪ್ಪತ್ತೆಂಟು ಸೆಕೆಂಡು ಮುಂದಿತ್ತು. ಸುತ್ತಿಗೆ ಒಂದು ಸೆಕೆಂಡಿನಂತೆ ಆ ಅಂತರ ಕರಗುತ್ತಾ ಬಂತು. ಆರು ಸುತ್ತು ಉಳಿದಿರುವಾಗ ಬರೀ ಹನ್ನೆರಡು ಸೆಕೆಂಡು.

ಚಾಲಕ ಕನ್ನಡಿಯಲ್ಲಿ ಕೆಂಪು ಬಣ್ಣ ಕಂಡ. ಜನರೆಲ್ಲ ಎದ್ದು ನಿಂತು ಬಾಯಿ ತೆರೆದಿದ್ದರು. ಮತ್ತೆ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ, ಕೂತ ಸೀಟು ನಡುಗುವವರೆಗೆ ಗೇರು ಬದಲಿಸದೆ ಎಂಜಿನ್ನನ್ನು ಕಿರುಚಿಸಿದ. ಇಡೀ ಒಂದು ಸುತ್ತು. ಎರಡು ನಿಮಿಷ ಆರು ಸೆಕೆಂಡು. ಹನ್ನೆರಡಿದ್ದ ಅಂತರ ಆರಕ್ಕೆ ಇಳಿಯಿತು. ಇನ್ನೊಂದು ಸುತ್ತು ಹಾಗೆ ಹೋಗಿದ್ದರೆ ಮುಗಿಯಿತು ಕತೆ. ಮೇಸ್ತ್ರಿಯ ನಾಲ್ಕು ವರ್ಷವೂ ಮಣ್ಣು, ಆ ಗೇಟೂ ಮುಚ್ಚಿದ ಹಾಗೆ.

ಚಾಲಕ ಬರುವಾಗ ಮೇಸ್ತ್ರಿ ಹಲಗೆ ತೋರಿಸಲಿಲ್ಲ. ಹಲಗೆಯನ್ನು ಕಾಲ ಮೇಲೆ ಒರಗಿಸಿ, ಎರಡು ಕೈಯ ಬೆರಳನ್ನೂ ತನ್ನ ಎರಡು ಕಿವಿಯೊಳಗೆ ತೂರಿಸಿಕೊಂಡು, ಸಾವಿರಾರು ಜನರ ಎದುರು ಮರುಳನ ಹಾಗೆ ನಿಂತಿದ್ದ. ಚಾಲಕ ಅದನ್ನು ನೋಡಿದ. ಅಷ್ಟು ಭಯದಲ್ಲೂ ಅವನಿಗೆ ನಗು ಬಂತು. ನಗು ಬಂದೊಡನೆ ಕಾಲು ಸಡಿಲವಾಯಿತು. ಗೇರು ಮೇಲಕ್ಕೆ ಬಿತ್ತು.

ಉಳಿದದ್ದು ಐದು ಸುತ್ತು. ಅವನು ಕನ್ನಡಿ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಹಲಗೆ ನೋಡಿದ. ಎರಡು, ಒಂದು. ಎರಡು, ಒಂದು. ಕೊನೆಯ ತಿರುವಿನಲ್ಲಿ ಕೆಂಪು ಕಾರು ಅವನ ಬೆನ್ನಿಗೇ ಬಂದಿತ್ತು. ಗೆರೆ ದಾಟುವಾಗ ಡೀಸೆಲ್ ಒಂದು ಸೆಕೆಂಡು ಮುಂದಿತ್ತು.

ಚಾಲಕ ಕಾರು ನಿಲ್ಲಿಸಿ ಇಳಿದ. ಸುತ್ತ ಜನ. ಎಲ್ಲರ ಬಾಯಿಯೂ ತೆರೆದಿದೆ. ಬೆಳಿಗ್ಗೆಯೂ ಹೀಗೇ ತೆರೆದಿದ್ದವು. ಅವನು ತಲೆ ತಗ್ಗಿಸಿ ನಿಂತ. ಅಷ್ಟರಲ್ಲಿ ಮೇಸ್ತ್ರಿ ಆ ಜೋಳದ ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡೇ ಓಡಿ ಬಂದ. ಬಂದವನು ಚಾಲಕನ ಶಿರಸ್ತ್ರಾಣ ಕಿತ್ತು, ಕಿವಿಯ ಹತ್ತಿ ಎಳೆದು ಹಾಕಿದ. ಆಗ ಕೇಳಿಸಿತು. ಇಡೀ ಊರು ಗಿರಣಿ, ಗಿರಣಿ ಎಂದು ಕೂಗುತ್ತಿತ್ತು. ಬೆಳಿಗ್ಗೆ ಆಡಿಕೊಂಡ ಬಾಯಿಗಳೇ, ಅದೇ ಮಾತೇ. ಆದರೆ ಈಗ ಅದು ಜಯಕಾರವಾಗಿತ್ತು. ಚಾಲಕ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ. ಅಂಥ ಸಂತೋಷ ಅವನಿಗೆ ಹನ್ನೊಂದು ವರ್ಷದಲ್ಲಿ ಆಗಿರಲಿಲ್ಲ.

ಸಂಘದ ಯಜಮಾನ ತಾನೇ ಹೋಗಿ ಗೇಟಿನ ಎರಡೂ ಬಾಗಿಲು ತೆರೆದು, ಮುಂದಿನ ವರ್ಷ ಎಷ್ಟು ತರುತ್ತೀಯೋ ತಾ ಎಂದ. ಮೇಸ್ತ್ರಿ ಆ ಜೋಳವನ್ನು ನಿಜವಾದ ಗಿರಣಿಗೆ ಒಯ್ದು ಬೀಸಿಸಿದ. ಸಂಜೆ ಊರಿಗೆಲ್ಲ ರೊಟ್ಟಿ ಹಂಚಿದ. ಚೀಲ ತಂದಿಟ್ಟ ಪುಣ್ಯಾತ್ಮ ಮೊದಲ ಪಂಕ್ತಿಯಲ್ಲೇ ಕೂತು ನಾಲ್ಕು ರೊಟ್ಟಿ ತಿಂದು, ಹಿಟ್ಟು ಬಲು ಸಣ್ಣಗಾಗಿದೆ ಎಂದ. ಮೇಸ್ತ್ರಿ ಅವನಿಗೆ ಐದನೆಯದನ್ನೂ ಹಾಕಿದ.

ಅಜ್ಜಯ್ಯ ಕತೆ ಮುಗಿಸಿ ನೀರು ಕುಡಿದರು.

ಕತೆ ಹಾಲೇಶನಿಗೆ ಹಿಡಿಸಿತ್ತು. ಆದರೂ ಮುಖ ತಿಳಿಯಾಗಲಿಲ್ಲ.

"ಅವನಿಗೆ ಹಲಗೆ ಹಿಡಿಯಲು ಮೇಸ್ತ್ರಿ ಇದ್ದ, ಅಜ್ಜಯ್ಯ. ನನಗೆ ಯಾರು ಹಿಡಿಯುತ್ತಾರೆ?"

ಅಜ್ಜಯ್ಯ ಕೈ ಚಾಚಿ ಹಾಲೇಶನ ಕೈಯಲ್ಲಿದ್ದ ಇಂಕ್ ಪ್ಯಾಡನ್ನು ತೆಗೆದುಕೊಂಡರು. ಮುಚ್ಚಳ ತೆರೆದು ಅದರ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿದರು. ಮಸಿ ಹತ್ತದ ಆ ಬೆರಳನ್ನು ಅವನ ಕಣ್ಣ ಮುಂದೆ ಹಿಡಿದರು.

"ಬಾಗಿಲಲ್ಲಿರುವ ಪುಸ್ತಕದಲ್ಲಿ ಹೆಬ್ಬೆಟ್ಟು ಬಿದ್ದು ಎಷ್ಟು ದಿನವಾಯಿತು? ಇದು ಯಾಕೆ ಒಣಗಿತು, ಹಾಲೇಶ?"